ಪೋಷಕರ ಸಭೆಗೆ ಬಾರದ ಅಪ್ಪ-ಅಮ್ಮಂದಿರನ್ನು ಶಾಲೆಯ ಜೊತೆ ಸೇರಿಸಿಕೊಳ್ಳುವುದು ಹೇಗೆ?

ಮಲ್ಪೆ ಟೀಚರ್

ಎಲ್ಲರಿಗೂ ನಮಸ್ಕಾರ. ಮಲ್ಪೆ ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಪ್ರಾರಂಭೋತ್ಸವ ಮುಗಿದಿದೆ, ಪುಸ್ತಕ ಬಂದಿದೆ, ಮಳೆಯೂ ಹಿಡಿದಿದೆ. ಇನ್ನು ಈ ವರ್ಷದ ಮೊದಲ ಪೋಷಕರ ಸಭೆ ಕರೆಯಬೇಕು. ಅದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು.

ನಮ್ಮಲ್ಲಿ ಸಭೆಗೆ ಬರುವವರು ಹೆಚ್ಚಾಗಿ ಚೆನ್ನಾಗಿ ಓದುವ ಮಕ್ಕಳ ಮನೆಯವರು. ಅವರಿಗೆ ನಾನು ಹೊಸದಾಗಿ ಹೇಳುವುದು ಜಾಸ್ತಿ ಏನೂ ಇರುವುದಿಲ್ಲ. ಯಾರ ಹತ್ತಿರ ಕೂತು ಮಾತಾಡಬೇಕು ಅಂತ ಇರುತ್ತದೋ ಅವರೇ ಬರುವುದಿಲ್ಲ. ಅಪ್ಪ ಬೋಟಿಗೆ ಹೋಗಿರುತ್ತಾರೆ. ಅಮ್ಮ ಬುಟ್ಟಿ ಹೊತ್ತು ಮೀನು ಮಾರಲು ಹೊರಟಿರುತ್ತಾರೆ, ಇಲ್ಲ ಮೀನು ಕಟ್ಟಿಂಗ್ ಕೆಲಸದಲ್ಲಿ ಇರುತ್ತಾರೆ. ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕೂಲಿಗೆ ಬಂದವರ ಮಕ್ಕಳೂ ನಮ್ಮಲ್ಲಿ ಇದ್ದಾರೆ. ಒಂದು ದಿನದ ಕೂಲಿ ಬಿಟ್ಟು ಬನ್ನಿ ಅಂತ ಅವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

"ಆ ಮನೆಯವರಿಗೆ ಆಸಕ್ತಿಯೇ ಇಲ್ಲ" ಎನ್ನುವ ಮಾತು ಶಾಲೆಗಳಲ್ಲಿ ಆಗಾಗ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಈ ಮಳೆಯಲ್ಲಿ ರಾತ್ರಿ ಯೂನಿಫಾರ್ಮ್ ಒಗೆದು, ಒಲೆಯ ಬಿಸಿಗೆ ಒಣಗಿಸಿ, ಬೆಳಿಗ್ಗೆ ಮಗುವನ್ನು ಕಳಿಸುವ ಅಮ್ಮನಿಗೆ ಆಸಕ್ತಿ ಇಲ್ಲ ಅಂತ ಹೇಗೆ ಹೇಳುವುದು? ಅವರಿಗೆ ಶಾಲೆ ಅಂದರೆ ಹೆದರಿಕೆ ಇರಬಹುದು. ನಾವು ಕರೆಯುವ ಹೊತ್ತು ಸರಿ ಇಲ್ಲದೇ ಇರಬಹುದು. ನಿಮ್ಮ ಊರಿನಲ್ಲಿ ಯಾವುದು ಕೈಗೂಡಿದೆ? ಪೋಷಕರಾಗಿ ನಿಮಗೆ ಶಾಲೆಯಿಂದ ಏನು ಬೇಕು? ಬಿಡಿಸಿ ಹೇಳಿ.

ಕಡಲಕರೆ ಮನೆ

ಟೀಚರೇ, ಸಭೆಯನ್ನು ಜುಲೈ ಮುಗಿಯುವುದರೊಳಗೆ ಇಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ನಮ್ಮ ಗಂಡಸರು ದಡದಲ್ಲೇ ಇರುತ್ತಾರೆ. ಬಲೆ ರಿಪೇರಿ, ಬೋಟಿನ ಪೇಂಟು ಅಂತ ಕೆಲಸ ಉಂಟು, ಆದರೆ ಸಂಜೆ ಮನೆಗೆ ಬರುತ್ತಾರೆ. ಆಗಸ್ಟಿನಲ್ಲಿ ಬೋಟ್ ಹೊರಟಿತು ಅಂದರೆ ಆಯಿತು. ಆಳ ಸಮುದ್ರಕ್ಕೆ ಹೋದವರು ವಾರ, ಹತ್ತು ದಿನ ಕಳೆದೇ ಬರುವುದು. ಬಂದು ಮೀನು ಇಳಿಸಿ, ಡೀಸೆಲ್, ಐಸು ತುಂಬಿಸಿ ಮತ್ತೆ ಹೊರಡುತ್ತಾರೆ.

ಶಾಲೆಯವರು ಅಪ್ಪಂದಿರನ್ನು ಕರೆಯುವುದು ಯಾವಾಗ? ಪರೀಕ್ಷೆ ಮುಗಿದು ಮಾರ್ಕ್ಸ್ ಕಾರ್ಡ್ ಕೊಡುವಾಗ. ಆಗ ಇಲ್ಲಿ ಒಳ್ಳೆಯ ಸೀಸನ್. ಅಪ್ಪಂದಿರು ಊರಲ್ಲಿ ಇರುವ ಎರಡು ತಿಂಗಳು ಶಾಲೆ ಶುರುವಾಗುವ ಎರಡು ತಿಂಗಳೇ ಆಗಿದೆ. ಆ ಹೊತ್ತಿನಲ್ಲಿ ಶಾಲೆ ಅವರನ್ನು ಒಮ್ಮೆಯೂ ಕರೆಯುವುದಿಲ್ಲ ಅಂದರೆ ಬೇಸರ ಆಗುತ್ತದೆ.

ಕದ್ರಿಯಿಂದ

ನಮ್ಮದು ಇದರ ಉಲ್ಟಾ. ಮಗಳು ಮಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಇದ್ದಾಳೆ. ಶಾಲೆಯದ್ದೇ ಆ್ಯಪ್ ಉಂಟು. ದಿನವಿಡೀ ಮೆಸೇಜು. ಹೋಮ್‌ವರ್ಕು, ಫೀಸಿನ ನೆನಪು, ನಾಳೆ ಹಸಿರು ಬಟ್ಟೆ ಹಾಕಿಸಿ, ಮಳೆಗೆ ರಜೆ ಕೊಟ್ಟ ದಿನದ ಪಾಠ ಶನಿವಾರ. ಎಲ್ಲ ಬರುತ್ತದೆ. ಮಗಳು ಕ್ಲಾಸಿನಲ್ಲಿ ಹೇಗಿದ್ದಾಳೆ, ಯಾರ ಜೊತೆ ಕೂರುತ್ತಾಳೆ, ಪ್ರಶ್ನೆ ಕೇಳುತ್ತಾಳಾ, ಮೌನವಾಗಿ ಇರುತ್ತಾಳಾ ಎನ್ನುವುದು ಮಾತ್ರ ಬರುವುದಿಲ್ಲ. ಸಭೆಯಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ. ಹಿಂದೆ ಕ್ಯೂ ಇರುತ್ತದೆ. "ಗಣಿತದಲ್ಲಿ ಇನ್ನೂ ಸ್ವಲ್ಪ ಗಮನ ಕೊಡಿ" ಅಂತ ಕೇಳಿಸಿಕೊಂಡು ಬರುವುದು. ಯಾವುದಕ್ಕೆ ಗಮನ, ಹೇಗೆ ಗಮನ?

ಹಾಗಾಗಿ ಬಡವರ ಮನೆಯವರು ಬರುವುದಿಲ್ಲ ಎನ್ನುವುದು ಒಂದು ಸಮಸ್ಯೆ. ಬಂದವರಿಗೂ ಮಾತು ಸಿಗುವುದಿಲ್ಲ ಎನ್ನುವುದು ಇನ್ನೊಂದು.

ಕಾರ್ಕಳದ ನಿವೃತ್ತ ಹೆಡ್‌ಮಾಷ್ಟ್ರು

ಟೀಚರೇ, ನಿಮ್ಮ ಪ್ರಶ್ನೆ ಓದಿ ಸಂತೋಷ ಆಯಿತು. "ಆಸಕ್ತಿ ಇಲ್ಲ" ಎನ್ನುವ ಮಾತನ್ನು ನೀವು ಒಪ್ಪದೇ ಇದ್ದದ್ದು ಬಹಳ ದೊಡ್ಡದು.

ಒಂದು ಘಟನೆ ಹೇಳುತ್ತೇನೆ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ. ಬೋರ್ಡಿನಿಂದ ಬರೆದುಕೊಂಡರೆ ಎಲ್ಲವೂ ತಪ್ಪು. ಒತ್ತಕ್ಷರ ಬಿಟ್ಟುಹೋಗುತ್ತಿತ್ತು, ಲೆಕ್ಕದಲ್ಲಿ 3 ಇದ್ದದ್ದು 8 ಆಗುತ್ತಿತ್ತು. ಬಾಯಲ್ಲಿ ಕೇಳಿದರೆ ಉತ್ತರ ಸರಿಯಾಗಿ ಹೇಳುತ್ತಿದ್ದ. ಕ್ಲಾಸ್ ಟೀಚರಿಗೆ ಇದು ಗೊತ್ತಿತ್ತು. ಹುಡುಗನ ಅಮ್ಮನಿಗೆ ಬೇರೆಯೇ ಒಂದು ಗೊತ್ತಿತ್ತು. ಮನೆಯಲ್ಲಿ ಅವನು ಟಿವಿಯ ಮುಂದೆ ಮೂಗು ತಾಗಿಸಿ ಕೂರುತ್ತಿದ್ದ, ಎಷ್ಟು ಬೈದರೂ ಹಿಂದೆ ಸರಿಯುತ್ತಿರಲಿಲ್ಲ. ಎರಡೂ ಸಂಗತಿ ಬೇರೆ ಬೇರೆ ಕಡೆ ಉಳಿದಿದ್ದವು. ಒಂದು ದಿನ ಆ ತಾಯಿ ಮಗನ ಕೊಡೆ ಕೊಡಲು ಶಾಲೆಗೆ ಬಂದಾಗ ಗೇಟಿನ ಹತ್ತಿರ ಇಬ್ಬರೂ ಮಾತಾಡಿದರು. ಅಷ್ಟೇ. ಮುಂದಿನ ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರು ತಪಾಸಣೆಗೆ ಬಂದಾಗ ಅವನನ್ನು ಮೊದಲು ತೋರಿಸಿದರು. ಕನ್ನಡಕ ಬಂತು. ಒಂದು ಟರ್ಮಿನೊಳಗೆ ಅವನ ನೋಟ್ ಬುಕ್ಕೇ ಬದಲಾಯಿತು.

ಮಗುವಿನ ಬಗ್ಗೆ ಅರ್ಧ ವಿಷಯ ಮನೆಗೆ ಗೊತ್ತಿರುತ್ತದೆ, ಅರ್ಧ ಶಾಲೆಗೆ. ಆ ಎರಡು ಅರ್ಧ ಒಟ್ಟಿಗೆ ಬರದಿದ್ದರೆ ಎಷ್ಟು ಕಲಿಸಿದರೂ ಅಷ್ಟೇ. ಹಾಗಾಗಿ ಸಭೆಗಿಂತ ಗೇಟಿನ ಮಾತು ನನಗೆ ಮುಖ್ಯ ಅನಿಸುತ್ತದೆ. ಬೆಳಿಗ್ಗೆ ಮಕ್ಕಳನ್ನು ಬಿಡಲು ಬರುವ ಅಜ್ಜಿ, ಅಕ್ಕ, ರಿಕ್ಷಾದವರು ಎಲ್ಲರಿಗೂ ಏನೋ ಒಂದು ಗೊತ್ತಿರುತ್ತದೆ. ಗೇಟಿನಲ್ಲಿ ಒಬ್ಬ ಟೀಚರ್ ನಿಂತರೆ ಸಾಕು.

ಇನ್ನು ಎಸ್‌ಡಿಎಂಸಿ. ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಲ್ಲೇ ಬಂದವು. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ಬಡ ಮನೆಗಳ, ಹಿಂದುಳಿದ ಮನೆಗಳ ಪೋಷಕರಿಗೂ ಅವರ ಸಂಖ್ಯೆಗೆ ತಕ್ಕ ಜಾಗ ಇರಬೇಕು. ಆದರೆ ಹೆಚ್ಚಿನ ಕಡೆ ಸಮಿತಿಯ ಮಾತೆಲ್ಲ ಕಾಂಪೌಂಡು, ಮಾಡಿನ ಹಂಚು, ವಾರ್ಷಿಕೋತ್ಸವದ ಶಾಮಿಯಾನದಲ್ಲೇ ಮುಗಿಯುತ್ತದೆ. ಹಂಚು ಸೋರುವುದೂ ಮುಖ್ಯವೇ, ಇಲ್ಲ ಅನ್ನುವುದಿಲ್ಲ. ಆದರೆ ಮೂರನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳು ಸರಾಗವಾಗಿ ಓದುತ್ತಾರೆ ಅಂತ ಸಮಿತಿ ಕೇಳುವ ದಿನ ಬರಬೇಕು.

ಬಂಟ್ವಾಳದ ಅಮ್ಮ

ನಾನು ಬೀಡಿ ಕಟ್ಟುವವಳು. ನಾನು ಶಾಲೆಗೆ ಹೋದದ್ದು ಸ್ವಲ್ಪವೇ. ಬರೆಯುವುದು ನಿಧಾನ, ಇದನ್ನು ಮಗ ಟೈಪ್ ಮಾಡಿ ಕೊಡುತ್ತಿದ್ದಾನೆ.

ನಮಗೆ ಸಭೆಗೆ ಹೋಗಲು ಹೆದರಿಕೆ ಯಾಕೆ ಗೊತ್ತುಂಟಾ? ಅಲ್ಲಿ ಎಲ್ಲರ ಎದುರು "ನಿಮ್ಮ ಮಗನಿಗೆ ಮನೆಯಲ್ಲಿ ಹೇಳಿಕೊಡಿ" ಎನ್ನುತ್ತಾರೆ. ನನಗೆ ಬರುವುದಿಲ್ಲ ಅಂತ ಅಷ್ಟು ಜನರ ಮುಂದೆ ಹೇಗೆ ಹೇಳುವುದು? ಅದಕ್ಕೇ ಹೋಗದೆ ಇರುವವರು ನಮ್ಮ ಓಣಿಯಲ್ಲೇ ಎಷ್ಟೋ ಜನ.

ಮಗ ಮೂರನೇ ಕ್ಲಾಸಿನಲ್ಲಿ ಇದ್ದಾಗ ಒಬ್ಬರು ಟೀಚರ್ ಮನೆಗೇ ಬಂದರು. ನಾನು ಎಲೆ ಕತ್ತರಿಸುತ್ತಾ ಕೂತಿದ್ದೆ. ಅವರು ಚಾಪೆಯ ಮೇಲೆಯೇ ಕೂತರು. "ನೀವು ಹೇಳಿಕೊಡಬೇಡಿ, ಅದು ನನ್ನ ಕೆಲಸ. ಅವನು ಗಟ್ಟಿಯಾಗಿ ಓದಲಿ, ನೀವು ಕೇಳಿ. ಓದಿದ ಮೇಲೆ ಅದನ್ನು ತುಳುವಿನಲ್ಲಿ ನಿಮಗೆ ಹೇಳಲಿ. ನಿಮಗೆ ಅರ್ಥ ಆಗದಿದ್ದರೆ ನಿಲ್ಲಿಸಿ ಕೇಳಿ" ಅಂದರು.

ಅವತ್ತಿನಿಂದ ಸಂಜೆ ನಾನು ಬೀಡಿ ಸುತ್ತುವುದು, ಅವನು ಎದುರು ಕೂತು ಓದುವುದು. ಕೈ ತಂಬಾಕು, ಎಲೆ, ನೂಲಿನಲ್ಲಿ ಇರುತ್ತದೆ, ಕಿವಿ ಖಾಲಿ ಇರುತ್ತದಲ್ವಾ. ಒಂದು ಪುಟ ಓದಿದ ಮೇಲೆ "ಬೊಕ್ಕ ದಾದ ಆಂಡ್?" (ಮತ್ತೆ ಏನಾಯಿತು?) ಅಂತ ಕೇಳುತ್ತಿದ್ದೆ. ಮೊದಮೊದಲು ಅವನಿಗೆ ಹೇಳಲು ಆಗುತ್ತಿರಲಿಲ್ಲ. ಓದುವುದು ಪಟಪಟ ಓದುತ್ತಿದ್ದ, ಕಥೆ ಏನು ಅಂದರೆ ಬ್ಬೆಬ್ಬೆ ಎನ್ನುತ್ತಿದ್ದ. ಆಗ "ಇನ್ನೊಮ್ಮೆ ಓದು, ನನಗೆ ಗೊತ್ತಾಗಲಿಲ್ಲ" ಎನ್ನುತ್ತಿದ್ದೆ. ಮತ್ತೆ ಓದುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಅವನೇ ಓದುತ್ತಾ ಮಧ್ಯದಲ್ಲಿ ನಿಲ್ಲಿಸಿ "ಅಮ್ಮಾ, ಇವನು ಸುಳ್ಳು ಹೇಳುತ್ತಿದ್ದಾನೆ ನೋಡು" ಅಂತ ಕಥೆಯೊಳಗಿನವರ ಬಗ್ಗೆ ಹೇಳಲು ಶುರು ಮಾಡಿದ.

ಅವನು ಈಗ ಹೈಸ್ಕೂಲು. ನನಗೆ ಅವನ ಪುಸ್ತಕ ಏನೂ ಅರ್ಥ ಆಗುವುದಿಲ್ಲ. ಆದರೂ ಕೇಳುತ್ತೇನೆ.

ಬಿ.ಎಡ್. ಉಪನ್ಯಾಸಕಿ, ಉಡುಪಿ

ಬಂಟ್ವಾಳದ ಅಕ್ಕಾ, ನೀವು ಬರೆದದ್ದನ್ನು ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳುತ್ತೇನೆ, ಅಪ್ಪಣೆ ಇರಲಿ.

ನೀವು ಮಾಡಿದ್ದರಲ್ಲಿ ತುಂಬಾ ಅರ್ಥ ಇದೆ. ಇಲ್ಲಿಯ ಹೆಚ್ಚಿನ ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ ಅಥವಾ ಕುಂದಾಪ್ರ ಕನ್ನಡ. ಶಾಲೆಯ ಪುಸ್ತಕದ ಭಾಷೆ ಬೇರೆ. ಅಕ್ಷರ ಗೊತ್ತಿರುವ ಮಗು ಅರ್ಥ ಗೊತ್ತಿಲ್ಲದೆಯೂ ಸರಾಗವಾಗಿ ಓದಿಬಿಡುತ್ತದೆ. ಕೇಳುವವರಿಗೆ "ಚೆನ್ನಾಗಿ ಓದುತ್ತಾನೆ" ಅನಿಸುತ್ತದೆ. ಓದಿದ್ದನ್ನು ಮನೆಮಾತಿನಲ್ಲಿ ಹೇಳು ಅಂದಾಗ ಮಾತ್ರ ಅರ್ಥ ಆಗಿದೆಯೋ ಇಲ್ಲವೋ ಗೊತ್ತಾಗುವುದು. ಆ ಕೆಲಸವನ್ನು ಮೂವತ್ತು ಮಕ್ಕಳಿರುವ ಕ್ಲಾಸಿನಲ್ಲಿ ಟೀಚರ್ ದಿನಾ ಒಬ್ಬೊಬ್ಬರಿಗೂ ಮಾಡಲು ಆಗುವುದಿಲ್ಲ. ಮನೆಯಲ್ಲಿ ಆಗುತ್ತದೆ, ಅಮ್ಮನಿಗೆ ಓದಲು ಬರದಿದ್ದರೂ ಆಗುತ್ತದೆ.

ಇನ್ನೊಂದು ವಿಷಯ. ಹೋಮ್‌ವರ್ಕ್ ಮಾಡಿಸುವುದೇ ಪೋಷಕರ ಪಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಿಲ್ ಮತ್ತು ಟೈಸನ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 2009ರಲ್ಲಿ ಅಲ್ಲಿಯ ಮಿಡಲ್ ಸ್ಕೂಲ್ ವಯಸ್ಸಿನ ಮಕ್ಕಳ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಕ್ಕಳ ಕಲಿಕೆಯ ಜೊತೆ ಎಲ್ಲಕ್ಕಿಂತ ಗಟ್ಟಿಯಾದ ನಂಟು ಕಂಡದ್ದು ಓದು ಯಾಕೆ ಬೇಕು, ಮುಂದೆ ಏನಾಗಬೇಕು ಅಂತಿದೆ, ಅದಕ್ಕೆ ಈಗ ಏನು ಮಾಡಬೇಕು ಎನ್ನುವ ಮನೆಯ ಮಾತುಕತೆಗೆ. ಹೋಮ್‌ವರ್ಕಿಗೆ ಕೂತು ಸಹಾಯ ಮಾಡುವುದರಿಂದ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಅಲ್ಲಿಯದ್ದನ್ನು ಹಾಗೆಯೇ ಇಲ್ಲಿಗೆ ತರಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಹತ್ತು ವರ್ಷದ ಮಗುವಿನ ಕೈಯಿಂದ ಪೆನ್ಸಿಲ್ ಕಸಿದು ಉತ್ತರ ಬರೆದುಕೊಡುವ ನಮ್ಮ ಮನೆಗಳು ಇದನ್ನು ಯೋಚಿಸಬೇಕು.

ಪಣಂಬೂರು ಅಪ್ಪ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಬೇಡಿ. ಎಲ್ಲದಕ್ಕೂ ಪೋಷಕರು, ಪೋಷಕರು ಅಂತ ಹೇಳಿದರೆ ಹೇಗೆ? ನಾನು ಶಿಫ್ಟಿನಲ್ಲಿ ಕೆಲಸ ಮಾಡುತ್ತೇನೆ. ಹೆಂಡತಿ ಅಂಗಡಿಯಲ್ಲಿ. ಮನೆಗೆ ಬಂದಾಗ ಮಗ ಮಲಗಿರುತ್ತಾನೆ. ಕಲಿಸುವುದು ಶಾಲೆಯ ಕೆಲಸ. ಎಷ್ಟೋ ಶಾಲೆಗಳಲ್ಲಿ ಖಾಯಂ ಟೀಚರ್ ಇಲ್ಲ, ಗೌರವ ಶಿಕ್ಷಕಿಯರ ಸಂಬಳಕ್ಕೆ ಹಳೆ ವಿದ್ಯಾರ್ಥಿಗಳು, ದಾನಿಗಳು ಹಣ ಹೊಂದಿಸಬೇಕಾಗುತ್ತದೆ. ಇದ್ದ ಟೀಚರಿಗೆ ಸಮೀಕ್ಷೆ, ಚುನಾವಣೆ, ಮೊಟ್ಟೆಯ ಲೆಕ್ಕ. ಅದನ್ನು ಸರಿ ಮಾಡದೆ ಮನೆಯವರನ್ನು ಕರೆದು ಬುದ್ಧಿ ಹೇಳಿದರೆ ಏನು ಪ್ರಯೋಜನ?

ಮಲ್ಪೆ ಟೀಚರ್

ಅಣ್ಣಾ, ನೀವು ಹೇಳಿದ್ದರಲ್ಲಿ ತಪ್ಪೇನಿಲ್ಲ. ಟೀಚರ್ ಇಲ್ಲದ ಶಾಲೆಯ ಕೊರತೆಯನ್ನು ಅಮ್ಮಂದಿರ ತಲೆಗೆ ಕಟ್ಟಬಾರದು. ಆದರೆ ಬುದ್ಧಿ ಹೇಳಲು ಕರೆಯುವ ಸಭೆ ನನಗೂ ಬೇಡ. ನಿಮ್ಮ ಮಗನ ಬಗ್ಗೆ ನನಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿದೆ. ಅದು ನನಗೆ ಬೇಕು. ಶಿಫ್ಟ್ ಇದ್ದರೆ ಫೋನಿನಲ್ಲಿ ಐದು ನಿಮಿಷ ಮಾತಾಡೋಣ, ಬರಲೇಬೇಕು ಅಂತ ಇಲ್ಲ.

ಬೆಳ್ತಂಗಡಿ ಹೈಸ್ಕೂಲ್

ನಮ್ಮ ಎರಡು ಜಿಲ್ಲೆಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಎಲ್ಲರಿಗೂ ಹೆಮ್ಮೆಯೇ. 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲು, ಉಡುಪಿ ಶೇ. 89.96 ಪಡೆದು ಎರಡನೆಯದು. ಇದರ ಹಿಂದೆ ಮನೆ-ಶಾಲೆ ಸೇರಿ ಮಾಡಿದ ಕೆಲಸ ಬಹಳ ಉಂಟು. ನಮ್ಮಲ್ಲಿ ಒಬ್ಬೊಬ್ಬ ಶಿಕ್ಷಕರು ಕೆಲವು ಮಕ್ಕಳ ಜವಾಬ್ದಾರಿ ತೆಗೆದುಕೊಳ್ಳುತ್ತಾರೆ. ಮನೆಗೆ ಹೋಗುತ್ತಾರೆ. ಓದಲು ಜಾಗ ಎಲ್ಲಿ, ಬೆಳಕು ಉಂಟಾ, ಬೆಳಿಗ್ಗೆ ಎಬ್ಬಿಸುವವರು ಯಾರು ಅಂತ ನೋಡುತ್ತಾರೆ.

ಆದರೆ ಶೇ. 91 ಅಂದರೆ ನೂರರಲ್ಲಿ ಒಂಬತ್ತು ಮಕ್ಕಳು ಪಾಸಾಗಲಿಲ್ಲ ಅಂತಲೂ ಅರ್ಥ ಅಲ್ವಾ. ಜಿಲ್ಲೆಗೆ ಮೊದಲ ಸ್ಥಾನ ಬಂದ ದಿನ ಆ ಮನೆಗಳಲ್ಲಿ ಹೇಗಿರುತ್ತದೆ ಯೋಚಿಸಿ. ಫಲಿತಾಂಶದ ದಿನ ನಾವು ಮೊದಲು ಫೋನ್ ಮಾಡುವುದು ಫೇಲಾದ ಮಕ್ಕಳ ಮನೆಗೆ. ಅದೇ ವರ್ಷ ಪರೀಕ್ಷೆ-2ಕ್ಕೆ ಕಟ್ಟಬಹುದು ಅಂತ ಅಪ್ಪ-ಅಮ್ಮನಿಗೆ ಬಿಡಿಸಿ ಹೇಳುತ್ತೇವೆ. ಎಷ್ಟೋ ಮನೆಯವರಿಗೆ ಇದು ಗೊತ್ತಿರುವುದಿಲ್ಲ. ಒಂದು ವರ್ಷ ಹೋಯಿತು ಅಂತ ಮಗುವಿಗೆ ಬೈಯಲು ಶುರು ಮಾಡಿರುತ್ತಾರೆ. ಆ ಹೊತ್ತಿನಲ್ಲಿ ಮಗು ಕುಗ್ಗಿ ಹೋಗಿದ್ದರೆ ಮಕ್ಕಳ ಸಹಾಯವಾಣಿ 1098, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮನಸ್ 14416 ಇದೆ. ಈ ಎರಡು ನಂಬರ್ ಪ್ರತಿ ಮನೆಯ ಗೋಡೆಯ ಮೇಲೆ ಇರಲಿ.

ದುಬೈಯಲ್ಲಿರುವ ಕುಂದಾಪುರದವ

ಊರಿಗೆ ವರ್ಷಕ್ಕೆ ಒಮ್ಮೆ ಬರುವುದು. ವೀಡಿಯೊ ಕಾಲಿನಲ್ಲಿ "ಮಾರ್ಕ್ಸ್ ಎಷ್ಟು" ಅಂತ ಕೇಳಿದರೆ ಮಗಳು ಫೋನನ್ನು ಅಜ್ಜಿಯ ಕೈಗೆ ಕೊಟ್ಟು ಓಡುತ್ತಾಳೆ. "ಇವತ್ತು ಬರೆದದ್ದು ತೋರಿಸು" ಅಂದರೆ ನೋಟ್ ಬುಕ್ ತಂದು ಒಂದೊಂದೇ ಪುಟ ತಿರುಗಿಸುತ್ತಾಳೆ. ಅವಳ ಟೀಚರ್ ಕೆಂಪು ಇಂಕಿನಲ್ಲಿ ಬರೆದದ್ದನ್ನು ನಾನೂ ಓದುತ್ತೇನೆ. ಹೊರಗೆ ಇರುವ ಅಪ್ಪಂದಿರನ್ನೂ ಶಾಲೆಯವರು ಮರೆಯಬೇಡಿ. ಪೋಷಕರ ಗುಂಪಿನಲ್ಲಿ ನಮ್ಮ ನಂಬರನ್ನೂ ಸೇರಿಸಿ.

ಬೆಂಗರೆಯ ಉಮ್ಮ

ಜಾಗದ ಬಗ್ಗೆ ಒಂದು ಮಾತು. ನಮ್ಮ ಕಡೆ ಒಮ್ಮೆ ಪೋಷಕರ ಸಭೆಯನ್ನು ಶಾಲೆಯ ಹೊರಗೆ ಇಟ್ಟಿದ್ದರು, ಜನ ಜಾಸ್ತಿ ಬರಲಿ ಅಂತ. ಆದರೆ ಆ ಜಾಗಕ್ಕೆ ಒಂದು ಕಡೆಯವರು ಮಾತ್ರ ಬಂದರು. ಭಜನಾ ಮಂದಿರ ಆಗಲಿ, ಮದರಸ ಆಗಲಿ, ಚರ್ಚ್ ಹಾಲ್ ಆಗಲಿ, ಎಲ್ಲ ಒಳ್ಳೆಯ ಜಾಗವೇ. ಆದರೆ ಎಲ್ಲರಿಗೂ ಕಾಲು ಮುಂದೆ ಬರುವ ಜಾಗ ಶಾಲೆಯೇ. ಇಲ್ಲ ಅಂಗನವಾಡಿ, ಪಂಚಾಯತ್ ಲೈಬ್ರರಿ. ಮತ್ತೆ ಟೀಚರೇ, ಮಾತನ್ನು ಪುಸ್ತಕದ ಕನ್ನಡದಲ್ಲೇ ಆಡಬೇಡಿ. ತುಳು ಆದರೆ ತುಳು, ಬ್ಯಾರಿ ಗೊತ್ತಿರುವವರು ಇದ್ದರೆ ಬ್ಯಾರಿ. ನಮಗೆ ಬಾಯಿ ಬಿಡಲು ಸುಲಭ ಆಗುತ್ತದೆ.

ಬ್ರಹ್ಮಾವರ ಎಸ್‌ಡಿಎಂಸಿ ಸದಸ್ಯೆ

ಲೈಬ್ರರಿ ಅಂದಿರಿ, ನೆನಪಾಯಿತು. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತ್ ಲೈಬ್ರರಿಯ ಸದಸ್ಯತ್ವ ಉಚಿತ. ನಮ್ಮಲ್ಲಿ ಎಷ್ಟೋ ಮನೆಗೆ ಇದು ಗೊತ್ತಿರಲಿಲ್ಲ. ಸಭೆಗೆ ಬಂದಾಗಲೇ ಎಲ್ಲ ಮಕ್ಕಳ ಕಾರ್ಡ್ ಮಾಡಿಸಿದೆವು.

ನಲಿ-ಕಲಿ, ಅಂದರೆ ಆಟ, ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿಯ ಬಗ್ಗೆಯೂ ಹೇಳಲೇಬೇಕು. ಒಂದರಿಂದ ಮೂರನೇ ಕ್ಲಾಸಿನವರ ಅಪ್ಪ-ಅಮ್ಮ ಬಂದು "ನಮ್ಮ ಮಗುವಿಗೆ ಪಾಠವೇ ಇಲ್ಲ, ಬರೀ ಆಟ" ಎನ್ನುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಬಂದ ಪದ್ಧತಿ ಅದು. ಆದರೂ ಮನೆಯವರಿಗೆ ಅರ್ಥ ಆಗಿಲ್ಲ ಅಂದರೆ ಯಾರೂ ತೋರಿಸಿಲ್ಲ ಅಂತ ಅರ್ಥ. ನಾವು ಒಂದು ಸಲ ಭಾಷಣ ಏನೂ ಇಡಲಿಲ್ಲ. ಅಮ್ಮಂದಿರನ್ನು ತರಗತಿಯೊಳಗೆ ಮಕ್ಕಳ ಜೊತೆ ನೆಲದಲ್ಲಿ ಕೂರಿಸಿದೆವು. ಮಗು ತನ್ನ ಕಾರ್ಡ್ ತಂದು, ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಿನಲ್ಲಿ ಇದ್ದೇನೆ ಅಂತ ಬೆರಳಿಟ್ಟು ತೋರಿಸಿತು. ಆಮೇಲೆ ಯಾವ ಅಮ್ಮನೂ ಬರೀ ಆಟ ಅನ್ನಲಿಲ್ಲ. "ನಮ್ಮವಳು ಈ ಮೆಟ್ಟಿಲಿನಲ್ಲಿ ಯಾಕೆ ನಿಂತಿದ್ದಾಳೆ?" ಅಂತ ಕೇಳಲು ಶುರು ಮಾಡಿದರು. ಅದು ಒಳ್ಳೆಯ ಪ್ರಶ್ನೆ.

ಓದು ಬಾರದವರು ಶಾಲೆಗೆ ಏನು ಮಾಡಿಯಾರು ಎನ್ನುವವರಿಗೆ ನಮ್ಮ ಹರೇಕಳ ಹಾಜಬ್ಬರ ಹೆಸರು ಹೇಳಿದರೆ ಸಾಕು. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಊರಿಗೆ ಶಾಲೆ ತಂದವರು, 2020ರ ಪದ್ಮಶ್ರೀ.

ಮಲ್ಪೆ ಟೀಚರ್

ಎಲ್ಲರಿಗೂ ಮನಸಾರೆ ಧನ್ಯವಾದ. ಹೆಡ್‌ಮಾಸ್ಟರ ಜೊತೆ, ಎಸ್‌ಡಿಎಂಸಿ ಅಧ್ಯಕ್ಷರ ಜೊತೆ ಮಾತಾಡಿದೆ. ಜುಲೈಯಲ್ಲಿ ಒಂದು ಭಾನುವಾರ ಸಂಜೆ ನಾಲ್ಕಕ್ಕೆ, ಶಾಲೆಯಲ್ಲೇ. ಭಾಷಣ ಇಲ್ಲ, ವೇದಿಕೆ ಇಲ್ಲ. ಮಕ್ಕಳು ತಮ್ಮ ನೋಟ್ ಬುಕ್ ತಾವೇ ಮನೆಯವರಿಗೆ ತೋರಿಸುತ್ತಾರೆ. ಮಾರ್ಕ್ಸಿನ ಮಾತು ಎಲ್ಲರೆದುರು ಎತ್ತುವುದಿಲ್ಲ. ಪ್ರತಿ ಮನೆಯವರಿಗೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಮಗು ಮನೆಯಲ್ಲಿ ಯಾವ ಕೆಲಸವನ್ನು ಇಷ್ಟಪಟ್ಟು ಮಾಡುತ್ತದೆ? ಶಾಲೆಯ ಯಾವ ವಿಷಯ ಬಂದರೆ ಮುಖ ಸಣ್ಣ ಮಾಡುತ್ತದೆ? ಬರೆದಿಟ್ಟುಕೊಳ್ಳುತ್ತೇನೆ. ಬಂಟ್ವಾಳದ ಅಮ್ಮ ಹೇಳಿದಂತೆ ಓದಿ ಕೇಳಿಸುವುದನ್ನು ನನ್ನ ಕ್ಲಾಸಿನಿಂದ ಶುರು ಮಾಡುತ್ತೇನೆ. ಬರಲಾಗದವರ ಮನೆಗೆ ನಾನೇ ಹೋಗುತ್ತೇನೆ, ಎಲ್ಲ ಮನೆಯೂ ಶಾಲೆಯ ಸುತ್ತಮುತ್ತಲೇ ಇದೆ. ಊರಿಗೆ ಹೋದರೆ ಒಂದು ತಿಂಗಳು ಬಾರದ ಕೂಲಿಯವರ ಮಕ್ಕಳ ವಿಷಯ ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೆ ಯಾರಿಗಾದರೂ ದಾರಿ ಗೊತ್ತಿದ್ದರೆ ಹೇಳಿ.

ಕಾರ್ಕಳದ ನಿವೃತ್ತ ಹೆಡ್‌ಮಾಷ್ಟ್ರು

ಅವರು ಹೊರಡುವ ಮೊದಲೇ ಮಗುವಿನ ಕೈಯಲ್ಲಿ ಓದಲು ಒಂದೆರಡು ಪುಸ್ತಕ ಕೊಟ್ಟು ಕಳಿಸಿ. ಅಲ್ಲಿಯ ಶಾಲೆಗೆ ತೋರಿಸಲು ಒಂದು ಚೀಟಿ ಬರೆದುಕೊಡಿ, ಮಗು ಎಲ್ಲಿಯವರೆಗೆ ಕಲಿತಿದೆ ಅಂತ. ಅಪ್ಪನ ಫೋನ್ ನಂಬರ್ ಇಟ್ಟುಕೊಂಡು ವಾರಕ್ಕೊಮ್ಮೆ ಮಗುವಿನ ಹತ್ತಿರವೇ ಮಾತಾಡಿ. ಟೀಚರ್ ಕಾಯುತ್ತಿದ್ದಾರೆ ಅಂತ ಮಗುವಿಗೆ ಗೊತ್ತಿದ್ದರೆ ಅದೇ ಅಪ್ಪ-ಅಮ್ಮನನ್ನು ಹೊರಡಿಸುತ್ತದೆ.

ಕಡಲಕರೆ ಮನೆ

ಟೀಚರೇ, ಭಾನುವಾರ ಒಳ್ಳೆಯದು, ಆದರೆ ತುಳುವರ ಆಟಿ ತಿಂಗಳು ಹಿಡಿದ ಮೇಲಿನ ಮೊದಲ ಭಾನುವಾರ ಮಾಡಿ. ಆಟಿಯಲ್ಲಿ ಮದುವೆ ಇಲ್ಲ, ಎಲ್ಲರೂ ಮನೆಯಲ್ಲಿ ಸಿಗುತ್ತಾರೆ. ತಿಂಗಳ ಕೊನೆಯ ವಾರಕ್ಕೆ ಮಾತ್ರ ತಳ್ಳಬೇಡಿ, ಆಗ ಬೋಟಿಗೆ ಬಲೆ ಹೇರುವ ಗಡಿಬಿಡಿ ಶುರುವಾಗಿರುತ್ತದೆ. ನಮ್ಮ ಓಣಿಯ ಮನೆಗಳಿಗೆ ನಾನೇ ಹೋಗಿ ಹೇಳಿ ಬರುತ್ತೇನೆ. ಮಗುವಿನ ಹೆಸರು, ಕ್ಲಾಸು ಬರೆದ ಒಂದು ಪಟ್ಟಿ ಕೊಡಿ.